ಆಶೆಯ ಹೆಸರಿನ ಗರುಡ

ಮನುಷ್ಯರಂತೆ ಶಬ್ದಗಳಿಗೂ ಸಂಚಾರವುಂಟು. ಪ್ರಾಚೀನ ಕಾಲದಲ್ಲಿ ವರ್ತಕರ ಹಡಗುಗಳು ಪೂರ್ವಸಮುದ್ರದ ದ್ವೀಪಗಳಿಗೆ ಹೋಗುತ್ತಿದ್ದಾಗ ಸರಕಿನೊಡನೆ ಸಂಸ್ಕೃತದ ಅನೇಕ ಶಬ್ದಗಳೂ ಪ್ರಯಾಣ ಮಾಡಿದವು. ಮಲಯ ಭಾಷೆಯ ಮೂಲಕ ಹಾದು ಅಲ್ಲಿಯ ನುಡಿಗಳಲ್ಲಿ ನೆಲೆನಿಂತವು. ಫಿಲಿಪೈನ್ಸ್ ದೇಶದ ತಗಲೋಗ್ ಭಾಷೆಯಲ್ಲಿ ಇಂದಿಗೂ ಪಾಠ ಹೇಳುವವರನ್ನು 'ಗುರೊ' ಎನ್ನುತ್ತಾರೆ. ಬೆಟ್ಟಕಾಡುಗಳಲ್ಲಿ ನೆಲೆಸಿದ ದೈವಗಳನ್ನು 'ದಿವಾತಾ' ಎನ್ನುತ್ತಾರೆ. ಇವು ನಮ್ಮ ಗುರು ಮತ್ತು ದೇವತಾ ಶಬ್ದಗಳೇ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ರೀತಿಯಲ್ಲಿ ನಮ್ಮ 'ಆಶಾ' ಅಲ್ಲಿ 'ಆಸಾ' ಆಯಿತು. ಅದರ ಮೊದಲಿಗೆ ಅವರದೇ ಭಾಷೆಯ 'ಪಗ್' ಸೇರಿ 'ಪಗ್-ಆಸಾ' ಎಂಬ ಪದ ಹುಟ್ಟಿತು. ಭರವಸೆ ಎಂಬುದು ಅದರ ಅರ್ಥ.

1992ರ ಜನವರಿ 15ರಂದು ಆ ದೇಶದ ಮಿಂಡನಾವೊ ದ್ವೀಪದಲ್ಲಿ, ದಾವಾವೊ ನಗರದ ಸಮೀಪದ ಒಂದು ಸಂರಕ್ಷಣಾ ಕೇಂದ್ರದಲ್ಲಿ, ತತ್ತಿಯೊಡೆದು ಹೊರಬಂದ ಒಂದು ಗರುಡದ ಮರಿಗೆ ಈ ಹೆಸರನ್ನಿಟ್ಟರು. ಒಂದು ಹಕ್ಕಿಯ ಮರಿಗೆ ಇಡೀ ರಾಷ್ಟ್ರವೇ ಸೇರಿ ಭರವಸೆ ಎಂದು ಹೆಸರಿಡಬೇಕಾದರೆ ಅದಕ್ಕೆ ಮುನ್ನ ಎಂತಹ ನಿರಾಶೆ ಕವಿದಿರಬೇಕು ಎಂಬುದನ್ನು ವಾಚಕರು ಊಹಿಸಬಹುದು.

ಇದೇ ಶಬ್ದಕ್ಕೆ ಕನ್ನಡದಲ್ಲಿ ಮತ್ತೊಂದು ಗತಿಯೂ ಒದಗಿದೆ. 'ಆಶಾ' ತದ್ಭವವಾಗಿ 'ಆಸೆ' ಆದಾಗ ಅದರಲ್ಲಿ ಲೋಭದ ಛಾಯೆ ಸೇರಿಕೊಂಡಿತು. ಆಶೆಯಿಂದ ಬಾಳಬೇಕು ಎಂದು ಹಿರಿಯರು ಹೇಳುತ್ತಾರೆ. ಆಸೆ ಕೆಟ್ಟದ್ದು ಎಂದೂ ಅವರೇ ಹೇಳುತ್ತಾರೆ. ಒಂದೇ ಬೇರಿನಿಂದ ಹೊರಟ ಈ ಎರಡು ಕವಲುಗಳ ನಡುವೆ ಆ ಗರುಡದ ವಂಶ ಇಂದು ಸಿಲುಕಿಕೊಂಡಿದೆ. ಅದರ ಕಥೆಯನ್ನು ಈ ತಿಂಗಳು ವಿಚಾರಿಸೋಣ.

ಮರೆಯಲ್ಲಿ ಬಾಳುವ ಪಕ್ಷಿರಾಜ

ಫಿಲಿಪೈನ್ಸ್ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ದೇಶ. ಅವುಗಳಲ್ಲಿ ಲುಜಾನ್, ಸಮಾರ್, ಲೇಟೆ, ಮಿಂಡನಾವೊ ಎಂಬ ನಾಲ್ಕು ದ್ವೀಪಗಳ ಮಳೆಕಾಡುಗಳಲ್ಲಿ ಮಾತ್ರ ಈ ಗರುಡ ವಾಸಿಸುತ್ತದೆ. ಜಗತ್ತಿನ ಮತ್ತಾವ ಭಾಗದಲ್ಲಿಯೂ ಕಾಡಿನಲ್ಲಿ ಇದರ ಸಂತತಿ ಇಲ್ಲ. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಸುಮಾರು ಒಂದು ಮೀಟರ್ ಉದ್ದ. ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ಅಗಲ. ಹೆಣ್ಣಿನ ತೂಕ ಎಂಟು ಕಿಲೋಗ್ರಾಂವರೆಗೂ ಏರಬಲ್ಲದು. ಉದ್ದದ ಲೆಕ್ಕದಲ್ಲಿ ಜಗತ್ತಿನ ಅತಿ ದೊಡ್ಡ ಗರುಡಗಳ ಸಾಲಿನಲ್ಲಿ ಇದಕ್ಕೆ ಅಗ್ರಸ್ಥಾನವಿದೆ. ಬೆನ್ನು ಕಂದು, ಎದೆ ಬಿಳಿ, ಕಣ್ಣು ನಸುನೀಲಿ. ತಲೆಯ ಹಿಂದೆ ಸಿಂಹದ ಕೇಸರದಂತೆ ನಿಲ್ಲುವ ಉದ್ದನೆಯ ಗರಿಗಳ ಜುಟ್ಟು. ಸ್ಥಳೀಯರು ಇದನ್ನು 'ಹರಿಬೋನ್' ಎನ್ನುವುದುಂಟು. ಪಕ್ಷಿಗಳ ರಾಜ ಎಂಬುದು ಅದರ ಅರ್ಥ.

ಇಷ್ಟು ದೊಡ್ಡ ಹಕ್ಕಿಯಾದರೂ ಕಾಡಿನ ಅಂಚಿನಲ್ಲಿ ಹುಟ್ಟಿ ಬೆಳೆದ ಎಷ್ಟೋ ಜನ ಇದನ್ನು ಕಣ್ಣಾರೆ ಕಂಡಿರುವುದಿಲ್ಲ. ಬಯಲುಸೀಮೆಯ ಹದ್ದಿನಂತೆ ಇದು ದಿನವಿಡೀ ಆಕಾಶದಲ್ಲಿ ಸುತ್ತುವುದಿಲ್ಲ. ಎತ್ತರದ ಮರದ ಕೊಂಬೆಯ ಮೇಲೆ ಎಲೆಗಳ ಮರೆಯಲ್ಲಿ ಬಹಳ ಹೊತ್ತು ನಿಶ್ಚಲವಾಗಿ ಕುಳಿತಿರುತ್ತದೆ; ಕೆಳಗಿನ ಹಾಗೂ ಎದುರಿನ ಮರಗಳನ್ನು ಗಮನಿಸುತ್ತದೆ; ಬಳಿಕ ಸದ್ದಿಲ್ಲದೆ ಇಳಿಜಾರಿನ ಮತ್ತೊಂದು ಮರಕ್ಕೆ ಜಾರುತ್ತದೆ. ದಟ್ಟವಾದ ಮರಗಳ ನಡುವೆ ತಿರುಗಿ ನುಸುಳಲು ಅನುಕೂಲವಾಗುವಂತೆ ಅದರ ರೆಕ್ಕೆಗಳು ಗಿಡ್ಡವೂ ಅಗಲವೂ ಆಗಿವೆ, ಬಾಲ ಉದ್ದವಾಗಿದೆ. ಅದರ ದೇಹರಚನೆಯೇ ಕಾಡಿನ ಅಳತೆಗೆ ಹೊಲಿದ ಅಂಗಿಯಂತಿದೆ. ಕಾಡನ್ನು ತೆಗೆದರೆ ಆ ಅಂಗಿ ಬೇರೆಲ್ಲಿಯೂ ಒಪ್ಪುವುದಿಲ್ಲ.

ಹೆಸರಿನ ಅಪವಾದ

ವಿಜ್ಞಾನ ಪ್ರಪಂಚಕ್ಕೆ ಈ ಗರುಡದ ಪರಿಚಯವಾದದ್ದು 1896ರಲ್ಲಿ. ಜಾನ್ ವೈಟ್‌ಹೆಡ್ ಎಂಬ ಆಂಗ್ಲ ಸಂಶೋಧಕನಿಗೆ ಸಮಾರ್ ದ್ವೀಪದಲ್ಲಿ ಇದರ ದೇಹ ದೊರೆಯಿತು. ಇದು ಕೋತಿಗಳನ್ನು ಮಾತ್ರ ತಿನ್ನುವ ಹಕ್ಕಿ ಎಂದು ಅಲ್ಲಿಯ ಜನ ಅವನಿಗೆ ಹೇಳಿದರು. ಆ ಮಾತನ್ನು ನಂಬಿ ಲಂಡನ್ನಿನ ಪಂಡಿತರು ಗ್ರೀಕ್ ಭಾಷೆಯಿಂದ 'ಪಿಥೆಕೊಫಾಗಾ' ಎಂಬ ಹೆಸರನ್ನು ರಚಿಸಿದರು. ವಾನರಭಕ್ಷಕ ಎಂದು ಅದರ ತಾತ್ಪರ್ಯ. ಮುಂದೆ ಎಂಟು ದಶಕಗಳ ಕಾಲ ಸಾಮಾನ್ಯ ಬಳಕೆಯಲ್ಲಿಯೂ ಅದಕ್ಕೆ ಕೋತಿ ತಿನ್ನುವ ಗರುಡ ಎಂಬ ಹೆಸರೇ ನಿಂತಿತು.

ಗೂಡಿನ ಹತ್ತಿರ ತಿಂಗಳುಗಟ್ಟಲೆ ಕುಳಿತು ನೋಡಿದವರಿಗೆ ಬೇರೆಯದೇ ಸಂಗತಿ ತಿಳಿದುಬಂತು. ಮಿಂಡನಾವೊದಲ್ಲಿ ಅದರ ಮುಖ್ಯ ಆಹಾರ 'ಕೊಲೂಗೊ' ಎಂಬ ಪ್ರಾಣಿ. ಅಂಗಗಳ ನಡುವಿನ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಜೀವಿ ಅದು. ನಮ್ಮ ಮಲೆನಾಡಿನ ಹಾರುಬೆಕ್ಕನ್ನು ಕಂಡವರಿಗೆ ಅದರ ತೇಲುವಿಕೆಯ ಕಲ್ಪನೆ ಬರಬಹುದು. ಆದರೆ ಎರಡೂ ಬೇರೆ ಬೇರೆ ಕುಲದವು. ಕೊಲೂಗೊ ಇಲ್ಲದ ಲುಜಾನ್ ದ್ವೀಪದಲ್ಲಿ ಗರುಡ ದೊಡ್ಡ ಇಲಿಗಳನ್ನೂ ಪುನುಗಿನ ಬೆಕ್ಕುಗಳನ್ನೂ ಹಿಡಿಯುತ್ತದೆ. ಹಾವು, ಉಡ, ಇತರ ಹಕ್ಕಿಗಳೂ ಅದರ ಆಹಾರವೇ. ಕೋತಿಯನ್ನು ಹಿಡಿಯುವುದುಂಟು, ಗಂಡುಹೆಣ್ಣು ಕೂಡಿ ಬೇಟೆಗೆ ಹೊರಟಾಗ ಒಂದು ಎದುರಿಗೆ ಕಾಣಿಸಿಕೊಂಡು ಕೋತಿಗಳ ಗಮನ ಸೆಳೆದರೆ ಮತ್ತೊಂದು ಹಿಂದಿನಿಂದ ಎರಗುವುದೆಂಬ ವರ್ಣನೆಗಳಿವೆ. ಆದರೆ ಅದೊಂದನ್ನೇ ಅದರ ಗುಣಲಕ್ಷಣವೆಂದು ಹೇಳಿದ್ದು ಅಪವಾದವೇ ಸರಿ. 1978ರಲ್ಲಿ ಅಲ್ಲಿಯ ಸರಕಾರ ಆಜ್ಞೆ ಹೊರಡಿಸಿ 'ಫಿಲಿಪೈನ್ ಗರುಡ' ಎಂಬ ಹೆಸರನ್ನು ಸ್ಥಿರಪಡಿಸಿತು. 1995ರ ಜುಲೈ 4ರಂದು ಅಧ್ಯಕ್ಷ ಫಿಡೆಲ್ ರಾಮೋಸ್ ಅದನ್ನು ರಾಷ್ಟ್ರಪಕ್ಷಿಯೆಂದು ಘೋಷಿಸಿದರು. ಶಾಸ್ತ್ರೀಯ ಹೆಸರಿಗೆ ಮಾತ್ರ ಮೊದಲಿಟ್ಟದ್ದೇ ಉಳಿಯಬೇಕೆಂಬ ನಿಯಮವಿರುವುದರಿಂದ ಗ್ರಂಥಗಳಲ್ಲಿ ಅದು ಇಂದಿಗೂ ವಾನರಭಕ್ಷಕನೇ. ದೂರದಿಂದ ಕೇಳಿದ ಮಾತಿನ ಮೇಲೆ ಒಂದು ಜೀವಿಗೆ ಹಚ್ಚಿದ ಹೆಸರು ಎಷ್ಟು ದೀರ್ಘಕಾಲ ಅಂಟಿಕೊಳ್ಳುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅದರ ಕುಲದ ವಿಚಾರದಲ್ಲಿಯೂ ತಿದ್ದುಪಡಿಯಾಗಿದೆ. ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ವಾಸಿಸುವ ಹಾರ್ಪಿ ಎಂಬ ಮಹಾಗರುಡದ ಬಂಧುವೆಂದು ಇದನ್ನು ಬಹುಕಾಲ ಭಾವಿಸಿದ್ದರು. 2005ರಲ್ಲಿ ಪ್ರಕಟವಾದ ವಂಶವಾಹಿಗಳ ಪರೀಕ್ಷೆಯಿಂದ ಇದು ಹಾವು ಹಿಡಿಯುವ ಗಿಡುಗಗಳ ಬಳಗಕ್ಕೆ ಸೇರಿದ್ದೆಂದು ಸ್ಪಷ್ಟವಾಯಿತು. ನಮ್ಮ ಪಶ್ಚಿಮಘಟ್ಟಗಳ ಕಾಡಿನ ಮೇಲೆ ಸಿಳ್ಳು ಹಾಕುತ್ತ ಸುತ್ತುವ ಜುಟ್ಟಿನ ಸರ್ಪಗಿಡುಗವೂ ಅದೇ ಬಳಗದ್ದು. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಕಡೆಯ ವಾಚಕರು ದಿನವೂ ಕೇಳುವ ಧ್ವನಿಯ ಒಡೆಯನಿಗೆ ಸಮುದ್ರದಾಚೆ ಇಂತಹ ಒಬ್ಬ ಜ್ಞಾತಿ ಇದ್ದಾನೆಂದಾಯಿತು.

ಒಂದೇ ತತ್ತಿ, ಎರಡು ವರ್ಷ

ಈ ಗರುಡದ ಸಂಸಾರ ಗಮನಿಸತಕ್ಕದ್ದು. ಹೆಣ್ಣು ಐದು ವರ್ಷಕ್ಕೆ, ಗಂಡು ಸುಮಾರು ಏಳು ವರ್ಷಕ್ಕೆ ಪ್ರಾಯಕ್ಕೆ ಬರುತ್ತವೆ. ಒಮ್ಮೆ ಜೊತೆಗೂಡಿದರೆ ಸಾಯುವವರೆಗೆ ಜೊತೆಬಿಡುವುದಿಲ್ಲ. ಕಾಡಿನ ಮೇಲ್ಛಾವಣಿಯನ್ನೂ ಮೀರಿ ಬೆಳೆದ ಮಹಾವೃಕ್ಷದಲ್ಲಿ, ನೆಲದಿಂದ ಸುಮಾರು ನೂರು ಅಡಿ ಎತ್ತರದಲ್ಲಿ, ಕಡ್ಡಿಗಳ ದೊಡ್ಡ ಗೂಡು ಕಟ್ಟುತ್ತವೆ. ಹೆಣ್ಣು ಇಡುವುದು ಒಂದೇ ಒಂದು ತತ್ತಿ. ಎರಡು ತಿಂಗಳ ಕಾಲ ಅದಕ್ಕೆ ಕಾವು ಕೊಡುವ ಕೆಲಸದಲ್ಲಿ ಗಂಡೂ ಪಾಲುಗೊಳ್ಳುತ್ತದೆ. ರಾತ್ರಿಯ ಸರದಿ ಹೆಣ್ಣಿನದು. ಮರಿ ಹುಟ್ಟಿದ ಮೇಲೆ ಗೂಡು ಬಿಡಲು ನಾಲ್ಕೈದು ತಿಂಗಳು ಬೇಕು. ಅನಂತರವೂ ಒಂದು ವರ್ಷಕ್ಕೆ ಮಿಕ್ಕಿ ತಂದೆತಾಯಿಗಳು ಅದಕ್ಕೆ ಆಹಾರ ತಂದು ಕೊಡುತ್ತಲೇ ಇರುತ್ತವೆ. ಅಷ್ಟರಲ್ಲಿ ಮರಿ ಹಾರುವುದನ್ನೂ ಕಾದು ಕೂಡುವುದನ್ನೂ ಹಿಡಿಯುವುದನ್ನೂ ಅಭ್ಯಾಸ ಮಾಡಬೇಕು. ಹೀಗಾಗಿ ಎಲ್ಲವೂ ಸುಗಮವಾಗಿ ನಡೆದರೂ ಒಂದು ಜೋಡಿಯಿಂದ ಎರಡು ವರ್ಷಕ್ಕೆ ಒಂದು ಮರಿ.

ಆ ಒಂದು ಜೋಡಿಗೆ ಬೇಕಾದ ಕಾಡಿನ ವಿಸ್ತಾರವನ್ನು ಸಂರಕ್ಷಣೆಯ ಕೆಲಸದಲ್ಲಿರುವವರು 4,000ದಿಂದ 11,000 ಹೆಕ್ಟೇರ್ ಎಂದು ಹೇಳುತ್ತಾರೆ. ನಮ್ಮ ರೈತರ ಲೆಕ್ಕದಲ್ಲಿ ಕಡಿಮೆಯೆಂದರೂ ಹತ್ತು ಸಾವಿರ ಎಕರೆ. ಇದನ್ನು ಕೇಳಿ ದುರಾಸೆಯ ಹಕ್ಕಿಯೆಂದು ಯಾರಾದರೂ ನಗಬಹುದು. ಆದರೆ ಆ ವಿಸ್ತಾರದೊಳಗೆ ಅದು ತೆಗೆದುಕೊಳ್ಳುವುದು ಅಂದಿನ ಹಸಿವಿಗೆ ಬೇಕಾದಷ್ಟು ಮಾತ್ರ. ಉಳಿದುದೆಲ್ಲ ಬೆಳೆಯುತ್ತಲೇ ಇರುತ್ತದೆ. ಅಷ್ಟು ಕಾಡಿನಲ್ಲಿ ಒಂದು ಗರುಡ ಕುಟುಂಬ ಬಾಳುತ್ತಿದೆಯೆಂದರೆ ಅದರ ಕೆಳಗಿನ ಸಾವಿರಾರು ಜಾತಿಯ ಜೀವಗಳೂ ಮರಗಳೂ ನೀರಿನ ಸೆಲೆಗಳೂ ಸುಕ್ಷೇಮವಾಗಿವೆ ಎಂದೇ ಅರ್ಥ.

ಕೊಡಲಿಯ ಕಾಲ

1900ರ ಸುಮಾರಿಗೆ ಫಿಲಿಪೈನ್ಸ್ ದೇಶದ ಭೂಭಾಗದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕಾಡಿತ್ತು. ಇಂದು ಉಳಿದಿರುವುದು ಸುಮಾರು ನಾಲ್ಕರಲ್ಲಿ ಒಂದು ಪಾಲು. ಅದರಲ್ಲಿಯೂ ಕೊಡಲಿ ಕಾಣದ ಹಳೆಯ ಕಾಡು ಅತ್ಯಲ್ಪ. ಎರಡನೆಯ ಮಹಾಯುದ್ಧದ ಅನಂತರದ ದಶಕಗಳಲ್ಲಿ ಅಲ್ಲಿಯ ಲಾವಾನ್ ಮರಗಳನ್ನು ಫಿಲಿಪೈನ್ ಮಹಾಗನಿ ಎಂಬ ಹೆಸರಿನಲ್ಲಿ ಜಪಾನ್, ಅಮೆರಿಕ ಮೊದಲಾದ ದೇಶಗಳಿಗೆ ಹಡಗುಗಟ್ಟಲೆ ಸಾಗಿಸಿದರು. ಗರುಡ ಗೂಡು ಕಟ್ಟುತ್ತಿದ್ದುದೂ ಅದೇ ಬಗೆಯ ಮಹಾವೃಕ್ಷಗಳಲ್ಲಿ. ಮರ ಕಡಿಯಲು ಮಾಡಿದ ರಸ್ತೆಗಳ ಮೂಲಕ ಬೇಸಾಯ ಕಾಡನ್ನು ಹೊಕ್ಕಿತು; ಬೇಸಾಯದ ಹಿಂದೆ ಕೋವಿ ಬಂತು. ಒಂಟಿಯಾಗಿ ಅಟ್ಲಾಂಟಿಕ್ ಸಾಗರವನ್ನು ಹಾರಿ ದಾಟಿದ ಪ್ರಸಿದ್ಧ ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗ್ 1960ರ ದಶಕದ ಕೊನೆಯಲ್ಲಿ ಅಲ್ಲಿಗೆ ಹೋಗಿ ಈ ಹಕ್ಕಿಯ ಪರವಾಗಿ ದನಿಯೆತ್ತಿದ ಮೇಲೆಯೇ ಹೊರಜಗತ್ತು ಎಚ್ಚೆತ್ತಿತು.

ಬಡಜನರಿಗೆ ಅನ್ನವಿಲ್ಲದಿರುವಾಗ ಹಕ್ಕಿಯ ಚಿಂತೆ ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ದಾಸೋಹವನ್ನು ಧರ್ಮವೆಂದು ನಂಬಿದ ನಾವು ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಇದಕ್ಕೆ ಲೇಟೆ ದ್ವೀಪದ ಒರ್ಮೊಕ್ ನಗರ ಉತ್ತರ ಹೇಳುತ್ತದೆ. ಅಲ್ಲಿಯ ನದಿಗಳ ಜಲಾನಯನ ಪ್ರದೇಶದ ಕಾಡು ಬಹುಮಟ್ಟಿಗೆ ಕಬ್ಬಿನ ಗದ್ದೆಯೂ ತೆಂಗಿನ ತೋಟವೂ ಆಗಿಹೋಗಿತ್ತು. 1991ರ ನವೆಂಬರ್ 5ರಂದು ಬಿರುಗಾಳಿಯೊಡನೆ ಸುರಿದ ಮಳೆಯನ್ನು ತಡೆದು ಹಿಡಿಯುವ ಬೇರುಗಳು ಗುಡ್ಡದ ಮೇಲೆ ಇರಲಿಲ್ಲ. ಕೆಲವೇ ಗಂಟೆಗಳಲ್ಲಿ ಪ್ರವಾಹ ನಗರಕ್ಕೆ ನುಗ್ಗಿ ಸುಮಾರು ಐದು ಸಾವಿರ ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಬಹುಪಾಲು ಜನ ನದಿಯ ಅಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಬಡವರು. ಮರದ ಲಾಭ ಪಡೆದವರ ಮನೆಗಳು ಆ ದಂಡೆಯಲ್ಲಿ ಇರಲಿಲ್ಲ. ಗರುಡದ ಕಾಡನ್ನು ಕಡಿದಾಗ ಬಡವನ ಸೂರೂ ಹೋಗುತ್ತದೆ ಎಂಬುದನ್ನು ಆ ಒಂದು ದಿನ ತೋರಿಸಿಕೊಟ್ಟಿತು.

ಪಗ್-ಆಸಾನ ಬಾಳು

ಆ ದುರಂತವಾಗಿ ಎರಡೂವರೆ ತಿಂಗಳು ಕಳೆಯುವುದರೊಳಗೆ ಪಗ್-ಆಸಾ ಹುಟ್ಟಿತು. ಮನುಷ್ಯರ ಆರೈಕೆಯಲ್ಲಿ, ಕೃತಕ ಗರ್ಭಧಾರಣೆಯಿಂದ ಹುಟ್ಟಿದ ಮೊಟ್ಟಮೊದಲ ಫಿಲಿಪೈನ್ ಗರುಡ ಅದು. ಅನೇಕ ವರ್ಷಗಳ ವಿಫಲ ಪ್ರಯತ್ನಗಳ ಬಳಿಕ ದೊರೆತ ಫಲ. ಪತ್ರಿಕೆಗಳು ಸಂಭ್ರಮಿಸಿದವು, ಮಕ್ಕಳು ಸಾಲುಗಟ್ಟಿ ನೋಡಲು ಬಂದರು.

ಆದರೆ ಮನುಷ್ಯನ ಕೈತುತ್ತು ಉಂಡು ಬೆಳೆದ ಆ ಹಕ್ಕಿ ತಾನು ಗರುಡವೆಂಬುದನ್ನೇ ಪೂರ್ಣವಾಗಿ ಅರಿಯಲಿಲ್ಲ. ಪ್ರಾಯಕ್ಕೆ ಬಂದಾಗ ತನ್ನನ್ನು ಸಾಕಿದ ಪಾಲಕನನ್ನೇ ಸಂಗಾತಿಯೆಂದು ಭಾವಿಸಿತು. ಅದನ್ನು ಕಾಡಿಗೆ ಬಿಡುವಂತಿರಲಿಲ್ಲ. 2013ರಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅದೂ ಕೃತಕ ವಿಧಾನದಿಂದಲೇ, ಅದು ತಂದೆಯಾಯಿತು. ಆ ಮರಿಗೆ 'ಮಬುಹಾಯ್' ಎಂದು ಹೆಸರಿಟ್ಟರು. ಬಾಳಲಿ ಎಂದು ಅದರ ಅರ್ಥ. ಪಗ್-ಆಸಾ 2021ರ ಜನವರಿ 6ರಂದು, ಇಪ್ಪತ್ತೊಂಬತ್ತು ತುಂಬಲು ಕೆಲವೇ ದಿನಗಳಿರುವಾಗ, ಸೋಂಕಿನಿಂದ ಅಸುನೀಗಿತು. ಅದರ ಇಡೀ ಆಯುಷ್ಯ ಕೇಂದ್ರದಲ್ಲಿಯೇ ಕಳೆಯಿತು.

ಮೂರು ದಶಕಗಳ ನಿರಂತರ ಸೇವೆಯಿಂದ ಆ ಕೇಂದ್ರದಲ್ಲಿ ಹುಟ್ಟಿದ ಮರಿಗಳು ಸುಮಾರು ಮೂವತ್ತು. ಎಂದರೆ ವರ್ಷಕ್ಕೆ ಒಂದು. ಅಲ್ಲಿ ಹುಟ್ಟಿ ಕಾಡಿಗೆ ಬಿಡುಗಡೆಯಾದ ಮೊದಲ ಗರುಡಕ್ಕೆ 'ಕಬಾಯನ್', ಅಂದರೆ ನಾಡಬಂಧು, ಎಂದು ಹೆಸರು. 2004ರ ಏಪ್ರಿಲಿನಲ್ಲಿ ಅದನ್ನು ಅಪೊ ಪರ್ವತದ ಕಾಡಿನಲ್ಲಿ ಬಿಟ್ಟರು. ಒಂಬತ್ತು ತಿಂಗಳು ಅದು ಕಾಡಿನಲ್ಲಿ ಬದುಕಿತು. 2005ರ ಜನವರಿಯಲ್ಲಿ ವಿದ್ಯುತ್ ಕಂಬದ ಮೇಲೆ ಕುಳಿತು ಸತ್ತಿತು. ಮರವೆಂದು ತಿಳಿದು ಕುಳಿತದ್ದು ಕಂಬವಾಗಿತ್ತು. 2008ರಲ್ಲಿ ಶುಶ್ರೂಷೆ ಪಡೆದು ಕಿಟಾಂಗ್ಲಾಡ್ ಪರ್ವತದಲ್ಲಿ ಬಿಡುಗಡೆಯಾದ ಮತ್ತೊಂದು ಗರುಡವನ್ನು ಕೆಲವೇ ತಿಂಗಳಲ್ಲಿ ಒಬ್ಬ ಬಡ ರೈತ ಹೊಡೆದು ತಿಂದ. 2013ರ ಮಹಾಚಂಡಮಾರುತದ ಬಳಿಕ ಗರುಡಗಳು ಕಾಣದಾಗಿದ್ದ ಲೇಟೆ ದ್ವೀಪಕ್ಕೆ 2024ರ ಜೂನಿನಲ್ಲಿ ಎರಡನ್ನು ಒಯ್ದು ಬಿಟ್ಟರು. ಅವುಗಳಲ್ಲಿ ಒಂದು ಕೆಲವು ವಾರಗಳಲ್ಲಿಯೇ ಸಮುದ್ರದಲ್ಲಿ ಮುಳುಗಿ ಸತ್ತಿತು.

ಸೇವೆ ಮಾಡಿದವರ ಶ್ರದ್ಧೆಯಲ್ಲಿ ಕೊರತೆಯಿರಲಿಲ್ಲ. ಕಾಡು ಮತ್ತು ತಾಯಿತಂದೆಗಳು ಕೂಡಿ ಎರಡು ವರ್ಷದಲ್ಲಿ ಕಲಿಸುವ ಪಾಠವನ್ನು ಮನುಷ್ಯ ಎಷ್ಟೇ ಪ್ರೀತಿಯಿಂದ ಸಾಕಿದರೂ ಪೂರ್ತಿ ಕಲಿಸಲಾರ. ಆದುದರಿಂದ ಕೇಂದ್ರದಲ್ಲಿ ಹುಟ್ಟುವ ಮರಿಗಳ ಎಣಿಕೆಗಿಂತ ಕಾಡಿನಲ್ಲಿ ಉಳಿದಿರುವ ಗೂಡುಗಳ ಎಣಿಕೆಯೇ ಮುಖ್ಯವಾಗುತ್ತದೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ ಇಂದು ಕಾಡಿನಲ್ಲಿರುವುದು ಸುಮಾರು 392 ಜೋಡಿಗಳು. ನಮ್ಮ ಕಡೆಯ ಒಂದು ಹಳ್ಳಿಯ ಮನೆಗಳಷ್ಟು. ಜಗತ್ತಿನಲ್ಲಿ ಅವುಗಳ ಒಟ್ಟು ಸಂಸಾರ ಇಷ್ಟೇ.

ಆಸೆ ಮತ್ತು ಆಶೆ

ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯದ ಅಳತೆಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಒಲೆಗೇರಿಸಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಆಕೆಗೆ ನಾಳೆಯ ಚಿಂತೆ ಇರಲಿಲ್ಲವೆಂದಲ್ಲ. ನಾಳೆಯೂ ಅಂಗಳದಲ್ಲಿ ಅಕ್ಕಿ ಇರುತ್ತದೆಂಬ ಭರವಸೆ ಇತ್ತು. ಅಗತ್ಯಕ್ಕೆ ಮೀರಿದ್ದನ್ನು ಇಂದೇ ಬಾಚಿಕೊಳ್ಳುವುದು ಆಸೆ. ನಾಳೆಗೆ ಉಳಿದಿರುತ್ತದೆಂದು ನಂಬಿ ಕೈ ಹಿಂದೆಗೆಯುವುದು ಆಶೆ. ಲಾವಾನ್ ಮರಗಳನ್ನು ಹಡಗಿಗೆ ತುಂಬಿದವರಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ.

ಆ ಎರಡನೆಯದನ್ನು ಉಳಿಸಿಕೊಂಡವರು ಅಲ್ಲಿಯೂ ಇದ್ದಾರೆ. ಅಪೊ ಪರ್ವತದ ಸೀಮೆಯ ಓಬು ಮನುವು ಎಂಬ ಬುಡಕಟ್ಟಿನವರು ಗರುಡವನ್ನು 'ಪುಸಾಕಾ' ಎಂದು ಗೌರವಿಸುತ್ತಾರೆ. ಹಿರಿಯರಿಂದ ಬಂದು ಕಿರಿಯರಿಗೆ ಒಪ್ಪಿಸಬೇಕಾದ ಪವಿತ್ರವಾದ ಕುಲಧನವೆಂದು ಅದರ ಭಾವ. ಅಲ್ಲಿಯ ಹಳ್ಳಿಗಳ ಸ್ತ್ರೀಪುರುಷರು 'ಬಂತಾಯ್ ಬುಕಿದ್' ಎಂಬ ಹೆಸರಿನ ಕಾವಲುಪಡೆಯಾಗಿ ಕಾಡನ್ನು ಸುತ್ತಿ ಉರುಳುಗಳನ್ನು ಕಿತ್ತುಹಾಕುತ್ತಾರೆ, ಗೂಡುಗಳ ಮೇಲೆ ಕಣ್ಣಿಡುತ್ತಾರೆ. ಕುಲಧನದ ಲಕ್ಷಣವೇ ಅದು: ಇಟ್ಟುಕೊಂಡವನಿಗೆ ಕಾಯುವ ಅಧಿಕಾರವುಂಟು, ಕರಗಿಸುವ ಅಧಿಕಾರವಿಲ್ಲ. ಕೊಡಗಿನ ದೇವರಕಾಡುಗಳ ವ್ಯವಸ್ಥೆಯ ಹಿಂದೆಯೂ ಇದೇ ತಿಳಿವಳಿಕೆ ಇದೆ.

ನಾವು ಮಾಡಬೇಕಾದದ್ದು ಏನು ಎಂದು ಕೇಳುವವರುಂಟು. ಹೊಲದ ಬದುವಿನಲ್ಲಿಯೋ ತೋಟದ ಅಂಚಿನಲ್ಲಿಯೋ ಹಕ್ಕಿ ಗೂಡು ಕಟ್ಟುವ ಒಂದು ಹಳೆಯ ಮರವಿದ್ದರೆ ಅದನ್ನು ನಮ್ಮ ಕಾಲದಲ್ಲಿ ಕಡಿಯಲು ಬಿಡದಿರುವುದು ಒಂದು. ಮನೆ ಕಟ್ಟುವಾಗ ಅಜ್ಜನ ಕಾಲದ ಬಾಗಿಲು, ತೊಲೆಗಳು ಗಟ್ಟಿಯಾಗಿದ್ದರೆ ಹೊಸ ಮರಕ್ಕೆ ಹೋಗದೆ ಅವನ್ನೇ ಬಳಸುವುದು ಇನ್ನೊಂದು. ಕೋಳಿಮರಿಯ ಮೇಲೆ ಎರಗಿತೆಂದು ಗಿಡುಗಕ್ಕೆ ಕಲ್ಲೆಸೆಯುವ ಹುಡುಗನಿಗೆ ಆ ಹಕ್ಕಿಯ ಹೆಸರನ್ನೂ ಅದು ಹಿಡಿಯುವ ಇಲಿ, ಹಾವುಗಳ ಲೆಕ್ಕವನ್ನೂ ತಿಳಿಸಿಕೊಡುವುದು ಮತ್ತೊಂದು. ಇವಾವುವೂ ದೊಡ್ಡ ಕಾರ್ಯಗಳಲ್ಲ, ಮನೆಯೊಳಗೆ ಆಗತಕ್ಕವು.

ಎರಡು ವರ್ಷಕ್ಕೊಂದು ಮರಿ ಹಾಕುವ ಜೀವಿಗೆ ಕಳೆದುಕೊಂಡದ್ದನ್ನು ಬೇಗ ತುಂಬಿಕೊಳ್ಳುವ ಶಕ್ತಿಯಿಲ್ಲ. ನೂರು ವರ್ಷ ಬೆಳೆದ ಮರಕ್ಕೂ ಇಲ್ಲ. ಇಂತಹವುಗಳ ವಿಷಯದಲ್ಲಿ ಕಳೆದ ಮೇಲೆ ಮಾಡುವ ಸಾಹಸಕ್ಕಿಂತ ಇರುವಾಗ ಮಾಡುವ ಕಾವಲೇ ಮೇಲು. ಮಿಂಡನಾವೊದ ಯಾವುದೋ ಕಣಿವೆಯ ಮರದ ತುದಿಯಲ್ಲಿ ಈ ಹೊತ್ತು ಒಂದು ತಾಯಿಗರುಡ ತನ್ನ ಒಂದೇ ತತ್ತಿಯ ಮೇಲೆ ಕುಳಿತಿರಬಹುದು. ಅದರೊಳಗಿನ ಜೀವಕ್ಕೆ ಆ ನಾಡಿನವರ ಮಾತಿನಲ್ಲಿಯೇ ಮಬುಹಾಯ್ ಎಂದು ಹರಸೋಣ; ಬಾಳಲಿ.